ಕಣಿಯೂ ಬಲಗಡೆಯ ಹೂವೂ

ನಮ್ಮ ಮನೆಯಲ್ಲಿ ‘ಕಣಿ’ ಎನ್ನುವುದು ಬೈಗುಳಕ್ಕೆ ಹತ್ತಿರದ ಮಾತು. ಹಾಲು ಉಕ್ಕುತ್ತದೆ ಎಂದು ನಾನು ಮುಂಚೆಯೇ ಎಚ್ಚರಿಸಿದರೆ ಅಮ್ಮ, “ನಿನ್ ಕಣಿ ಯಾರೇ ಕೇಳಿದ್ರು?” ಎನ್ನುತ್ತಿದ್ದಳು. ಹಾಲು ಉಕ್ಕುತ್ತಿತ್ತು. ಆಗಲೂ ಬೈಗುಳ ನನಗೇ. ಮುಂದಾಗುವುದನ್ನು ಹೇಳುವವರ ಕಷ್ಟ ನನಗೆ ಚಿಕ್ಕಂದಿನಲ್ಲೇ ತಿಳಿಯಿತು. ಹೇಳಿದ್ದು ಸುಳ್ಳಾದರೆ ನಗುತ್ತಾರೆ. ನಿಜವಾದರೆ ‘ನೀನು ಅಂದಿದ್ದಕ್ಕೇ ಹೀಗಾಯಿತು’ ಎನ್ನುತ್ತಾರೆ. ಆದ್ದರಿಂದ ನಾನು ಬಾಯಿ ಮುಚ್ಚಿಕೊಂಡಿರುವುದನ್ನು ರೂಢಿಸಿಕೊಂಡೆ. ತುಮಕೂರಿನ ನಮ್ಮ ಬೀದಿಯವರು ಅದನ್ನೇ ಗಾಂಭೀರ್ಯ ಎಂದುಕೊಂಡರು. ನಾನೂ ತಿದ್ದಲು ಹೋಗಲಿಲ್ಲ.

ಮೈಸೂರಿನಲ್ಲಿ ಕನ್ನಡ ಎಂ.ಎ. ಓದುವಾಗ ಒಮ್ಮೆ ನಿಘಂಟು ತಿರುವುತ್ತ ಈ ಪದದ ಮುಂದೆ ನಿಂತೆ. ಕಣಿ ‘ಕಾಣು’ವಿನ ನೆಂಟ. ಕಾಣುವುದು, ಕಂಡದ್ದು, ಆಮೇಲೆ ಮುಂದಿನದನ್ನು ಕಂಡು ಹೇಳುವುದು. ನನಗೆ ಆಶ್ಚರ್ಯವಾಯಿತು. ಇಷ್ಟೊಂದು ಕಣ್ಣಿರುವ ಪದವನ್ನು ನಮ್ಮ ಕಡೆ ಕಣ್ಣಿನಿಂದ ಯಾರೂ ಬಳಸುವುದಿಲ್ಲ. ಬೀದಿಯಲ್ಲಿ ಬರುವ ಹೆಂಗಸು ಬುಟ್ಟಿ ಇಳಿಸಿ ಕಣಿ ಹೇಳುತ್ತಾಳೆ. ಮನೆಯವರು ಮೊರದಲ್ಲಿ ಅಕ್ಕಿ ತಂದು ಕೇಳುತ್ತಾರೆ. ಕಣಿಯನ್ನು ನೋಡಿದವರನ್ನು ಮಾತ್ರ ನಾನು ನೋಡಿಲ್ಲ.

ಇದನ್ನು ಹಾಸ್ಟೆಲಿನ ನನ್ನ ರೂಮಿನವಳ ಮುಂದೆ ಹೇಳಿದೆ. ಅವಳು ಮಂಗಳೂರಿನ ಕಡೆಯವಳು. “ನಮ್ಮಲ್ಲಿ ಕಣಿ ನೋಡ್ಲಿಕ್ಕೇ ಇರುವುದು ಮಾರಾಯ್ತಿ” ಎಂದಳು. ಅವರ ಹೊಸ ವರ್ಷ ಬಿಸು ಹಬ್ಬ. ಹಿಂದಿನ ದಿನವೇ ದೇವರ ಮುಂದೆ ಅಕ್ಕಿ, ತೆಂಗಿನಕಾಯಿ, ಹಣ್ಣು, ತರಕಾರಿ, ಹೂವು, ಒಂದು ಕನ್ನಡಿ ಜೋಡಿಸಿಡುತ್ತಾರೆ. ಬೆಳಿಗ್ಗೆ ಎದ್ದವರು ಕಣ್ಣು ಬಿಟ್ಟು ಮೊದಲು ಅದನ್ನು ನೋಡಬೇಕು. ವರ್ಷವೆಲ್ಲ ಹಾಗೇ ತುಂಬಿರುತ್ತದೆ.

“ನಾಳೆ ಕಾಣಬೇಕಾದ್ದನ್ನ ಇವತ್ತೇ ನೀವೇ ಇಟ್ಕೊಂಡ್ರೆ ಅದೇನು ಭವಿಷ್ಯ?” ಎಂದೆ.

“ಮತ್ತೆ? ಬೇರೆ ಯಾರು ಬಂದು ಇಡುವುದು?” ಎಂದು ಅವಳು ಮಗ್ಗುಲು ಬದಲಿಸಿ ಮಲಗಿಬಿಟ್ಟಳು.

ಆ ಮಾತಿನ ಬೆಲೆ ನನಗೆ ತಿಳಿದದ್ದು ಎಂಬತ್ತನೇ ಇಸವಿಯ ಆಚೀಚೆ, ಓದು ಮುಗಿಸಿ ಮನೆಗೆ ಬಂದ ಮೇಲೆ. ಒಂದೇ ವಾರದಲ್ಲಿ ನಮ್ಮ ಮನೆಗೆ ಎರಡು ಶುಭ ಸಮಾಚಾರ ಬಂದವು. ಕುಣಿಗಲ್ಲಿನ ಕಾಲೇಜಿನಲ್ಲಿ ನನಗೆ ಪಾಠ ಹೇಳುವ ಕೆಲಸ ಸಿಕ್ಕಿತು. ಬೆಳ್ಳಾವಿಯ ಒಂದು ಮನೆತನದವರು, ಬ್ಯಾಂಕಿನಲ್ಲಿದ್ದ ತಮ್ಮ ಹುಡುಗನಿಗೆ ನನ್ನನ್ನು ಒಪ್ಪಿದರು. ಜೊತೆಗೆ, ಸೊಸೆ ಕೆಲಸಕ್ಕೆ ಹೋಗುವುದು ತಮಗೆ ಒಗ್ಗದು ಎಂದು ಬಹಳ ವಿನಯದಿಂದ ತಿಳಿಸಿದರು. ಒಂದನ್ನು ಹಿಡಿದರೆ ಇನ್ನೊಂದು ಹೋಗುತ್ತದೆ. ನನಗೆ ಬೇಕಾದದ್ದು ಕೆಲಸ. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಅವರಿಗೇ ಗೊತ್ತಾಗುತ್ತದೆ ಎಂದು ಕಾಯುತ್ತಿದ್ದೆ. ಅಮ್ಮ ನನ್ನ ಮೌನವನ್ನು ನಾಚಿಕೆ ಎಂದು ಓದಿಕೊಂಡಳು. ಕೊನೆಗೆ ಹೂವು ಕೇಳುವುದೆಂದು ತೀರ್ಮಾನವಾಯಿತು. ಅಪ್ಪ “ದೇವಿ ಹೇಳ್ದಂಗೆ ಮಾಡಿ” ಎಂದು ಪೇಪರು ಬಿಡಿಸಿದರು.

ಹಾಗಲವಾಡಿ ಕಡೆ ನಮ್ಮ ಮನೆದೇವರ ಗುಡಿ. ಅಲ್ಲಿ ದೇವಿಯ ಎರಡು ಭುಜಕ್ಕೂ ಒದ್ದೆ ಹೂವು ಅಂಟಿಸುತ್ತಾರೆ. ಕೇಳುವವರು ಮನಸ್ಸಿನಲ್ಲೇ ಕೇಳಬೇಕು. ಬಲಗಡೆಯ ಹೂವು ಬಿದ್ದರೆ ಆಗಲಿ ಎಂದು. ಎಡಗಡೆಯದು ಬಿದ್ದರೆ ಬೇಡ ಎಂದು. ಮಾತನಾಡುವ ಮನೆಗಳಲ್ಲಿ ಏನು ಕೇಳುವುದೆಂದು ಮೊದಲೇ ಜಗುಲಿಯಲ್ಲಿ ಕೂತು ಒಪ್ಪಿಕೊಂಡು ಹೊರಡುತ್ತಾರಂತೆ. ನಮ್ಮದು ಆ ಜಾತಿಯ ಮನೆಯಲ್ಲ. ಅಮ್ಮ, ನಾನು, ಗುಬ್ಬಿಯಲ್ಲಿ ಬಸ್ಸು ಹತ್ತಿದ ನಮ್ಮ ಸೋದರತ್ತೆ, ಮೂವರೂ ದಾರಿಯುದ್ದಕ್ಕೂ ಹುಣಿಸೆಹಣ್ಣಿನ ವಿಚಾರ ಮಾತನಾಡಿದೆವು.

“ಮನಸ್ನಲ್ಲೇ ನೆನ್ಸ್ಕಳಿ, ಬಾಯ್ಬುಟ್ಟು ಯೋಳ್ಬ್ಯಾಡಿ” ಎಂದರು ಪೂಜಾರಪ್ಪ. ಮೂವರೂ ಕಣ್ಣು ಮುಚ್ಚಿದೆವು. ನಾನು ಮುಚ್ಚಿದ್ದು ಮರ್ಯಾದೆಗೆ. ಎಂ.ಎ. ಮಾಡಿದವಳು ಕಣಗಿಲೆ ಹೂವಿನ ಹತ್ತಿರ ಏನು ಕೇಳುವುದು? ಆದರೆ ಮಂಗಳಾರತಿಯ ಗಂಟೆ ಶುರುವಾದೊಡನೆ ನನಗೆ ತಡೆಯಲಾಗಲಿಲ್ಲ. ಅಮ್ಮ ಮದುವೆಯ ಬಗ್ಗೆ ಕೇಳುತ್ತಾಳೆಂದು ಗೊತ್ತಿತ್ತಲ್ಲ. ಎಡಕ್ಕೆ, ತಾಯಿ, ಎಡಕ್ಕೆ ಎಂದು ಬೇಡಿಕೊಂಡೆ. ವಿಚಾರವಂತರು ಬೇಡುವಾಗ ಇನ್ನೂ ಜೋರಾಗಿ ಬೇಡುತ್ತಾರೆಂದು ತೋರುತ್ತದೆ.

ಹೂವು ಬಲಗಡೆಯಿಂದ ಬಿತ್ತು.

ಅಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. ಅತ್ತೆಯ ಕಣ್ಣಲ್ಲಿ ನೀರು. ಅಮ್ಮ ಆ ಹೂವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ನಾನು ಬಸ್ಸಿನ ಕಿಟಕಿಯ ಹೊರಗೆ ನೋಡುತ್ತ ಕೂತೆ. ಗುಬ್ಬಿ ಹತ್ತಿರವಾದಾಗ ಅತ್ತೆ ನನ್ನ ತೊಡೆ ತಟ್ಟಿ, “ಇನ್ನೇನ್ ಮಗ, ಕುಣಿಗಲ್ನಾಗೆ ಒಳ್ಳೆ ಮೇಷ್ಟ್ರಾಗು ಬುಡು” ಎಂದರು.

ಅಮ್ಮ ತಿರುಗಿದಳು. “ಕುಣಿಗಲ್ಲಾ? ನಾನು ಕೇಳಿದ್ದು ಸಂಬಂಧ ಆಗಲಿ ಅಂತ, ಅತ್ತಿಗೆ.”

“ಅಯ್ಯೋ ಶಿವನೆ! ನಾನ್ ಕೇಳಿದ್ದು ಕೆಲ್ಸಕ್ಕೋಗ್ಲಿ ಅಂತ.”

“ನಿಮಗ್ಯಾರು ಅದನ್ನ ಕೇಳಕ್ಕೆ ಹೇಳಿದ್ದು?”

“ನಿಂಗ್ಯಾರು ಇದನ್ನ ಕೇಳಕ್ಕೆ ಯೋಳುದ್ರು? ನಂಗೂ ಟೀಚರ್ ಟ್ರೈನಿಂಗ್ ಸೀಟ್ ಸಿಕ್ಕಿತ್ತು ಕಣಮ್ಮಿ. ಆವಾಗ್ಲೂ ಇದೇ ತಾಯಿ, ಇದೇ ಹೂವು. ಕೇಳ್ದೋರು ಮಾತ್ರ ನಮ್ಮಪ್ಪ.”

ಅಮ್ಮ ಸೋಲಲಾರದೆ, “ತೆಂಗಿನಕಾಯಿ ನಾನು ತಂದಿದ್ದು” ಎಂದಳು.

“ಹೂವ ನಮ್ಮ ಹಿತ್ಲುದ್ದು” ಎಂದರು ಅತ್ತೆ. ಮುಂದಿನ ಸೀಟಿನವರು ನಗಲಾರದೆ ಕೆಮ್ಮಿದರು.

ಗುಬ್ಬಿಯಲ್ಲಿ ಅತ್ತೆ ಇಳಿದರು. ತುಮಕೂರಿನವರೆಗೂ ಅಮ್ಮ ಸೆರಗಿನ ಗಂಟನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು. ಒಂದೇ ವಿಷಯಕ್ಕೆ ಎರಡನೇ ಸಲ ಹೂವು ಕೇಳುವಂತಿಲ್ಲ. ಅದು ದೇವಿಯನ್ನು ಅನುಮಾನಿಸಿದಂತೆ. ಮನೆ ಬಾಗಿಲ ಬೀಗ ತೆಗೆಯುತ್ತ ಅವಳು ಹಿಂತಿರುಗದೆ ಕೇಳಿದಳು: “ನೀನೂ ಕಣ್ಣು ಮುಚ್ಚಿದ್ಯಲ್ಲ. ಏನ್ ಕೇಳ್ಕೊಂಡೆ?”

“ಎಡಗಡೆ ಬೀಳ್ಲಿ ಅಂತ.”

ಬೀಗ ಅವಳ ಕೈಯಲ್ಲೇ ಉಳಿಯಿತು. “ಅಲ್ಲ ಕಣೇ, ಇಷ್ಟು ಹೇಳಕ್ಕೆ ನನ್ನ ಹಾಗಲವಾಡಿ ತನಕ ಕರ್ಕೊಂಡ್ ಹೋದ್ಯಾ?”

ಕರೆದುಕೊಂಡು ಹೋದವಳು ಅವಳೇ ಎಂದು ಹೇಳಬಹುದಿತ್ತು. ಅಪ್ಪ ಮನೆಗೆ ಬಂದೊಡನೆ ಅವಳು ಅವರಿಗೆ, ಬೆಳ್ಳಾವಿಯವರಿಗೆ ಏನೆಂದು ತಿಳಿಸಬೇಕೆಂದು ಹೇಳಿಕೊಟ್ಟಳು. ಅವಳ ದನಿಯಲ್ಲಿ ಸಂತೋಷವೇನೂ ಇರಲಿಲ್ಲ. ಒಳ್ಳೆಯ ಸಂಬಂಧ ಕೈಬಿಟ್ಟ ನೋವು ಅವಳಿಗೆ ಬಹಳ ದಿನ ಇತ್ತು. ಸಾರಿಗೆ ಉಪ್ಪು ಹೆಚ್ಚಾದಾಗಲೂ ಬೆಳ್ಳಾವಿಯ ಮಾತು ಬರುತ್ತಿತ್ತು.

ಕೆಲಸಕ್ಕೆ ಸೇರುವ ದಿನ ನಾನು ಎದ್ದಾಗ ಅಮ್ಮ ಅಡಿಗೆಮನೆಯಲ್ಲಿದ್ದಳು. ನಡುಮನೆಯ ಕನ್ನಡಿಯ ಕೆಳಗಿನ ಸ್ಟೂಲಿನ ಮೇಲೆ ಇಸ್ತ್ರಿ ಮಾಡಿದ ಸೀರೆ, ಅದರ ಪಕ್ಕ ಟಿಫನ್ ಡಬ್ಬಿ, ಮಡಿಸಿದ ಕೊಡೆ, ಎರಡು ಬಾಳೆಹಣ್ಣು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಲ್ಲಿಗೆ. ಎಲ್ಲಕ್ಕಿಂತ ಮುಂದೆ, ಒಣಗಿ ಬಣ್ಣ ಕಳೆದುಕೊಂಡ ಒಂದು ಕಣಗಿಲೆ ಹೂವು. ಬಿಸು ಹಬ್ಬದ ಹೆಸರನ್ನೂ ಕೇಳದವಳು ನನ್ನಮ್ಮ. ಇವನ್ನು ಜೋಡಿಸುವಾಗ ನಾನು ಬಸ್ಸು ತಪ್ಪಿಸಿಕೊಳ್ಳಬಾರದೆಂಬುದು ಬಿಟ್ಟು ಬೇರೇನನ್ನೂ ಅವಳು ಯೋಚಿಸಿರಲಾರಳು. ಕನ್ನಡಿಯಲ್ಲಿ ಅವೆಲ್ಲದರ ಹಿಂದೆ ಕೆದರಿದ ತಲೆಯ ನಾನು ನಿಂತಿದ್ದೆ.

“ಏನೇ ನೋಡ್ತಾ ನಿಂತೆ? ಬಸ್ ಹೊರಟೋಗುತ್ತೆ!” ಎಂದಳು ಒಳಗಿನಿಂದ.

“ಹೋಗಲ್ಲಮ್ಮ, ಸಿಗುತ್ತೆ.”

“ನಿನ್ ಕಣಿ ಯಾರೇ ಕೇಳಿದ್ರು?”

ನಾನು ಬಸ್ ಸ್ಟ್ಯಾಂಡಿಗೆ ಹೋದಾಗ ಕುಣಿಗಲ್ ಬಸ್ಸು ಇನ್ನೂ ನಿಂತಿತ್ತು.