ಭರಮ್ಯಾನ ಹಲ್ಲು

ತವರಿನವರು ಉಚ್ಚಂಗೆವ್ವನನ್ನು ನೆನೆಯುವುದು ಕೆಲಸವಿದ್ದಾಗ ಮಾತ್ರ. ಐವತ್ತೆಂಟರ ಈ ಹೆಂಗಸು ಬ್ಯಾಡಗಿಯಲ್ಲಿ ಹಗಲು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾಳೆ, ಸಂಜೆ ಕೌದಿ ಹೊಲಿಯುತ್ತಾಳೆ. ಈ ಸಲ ತವರೂರು ಐರಣಿಗೆ ಕಾಕಾ ದುರಗಪ್ಪ ಕರೆಸಿದ್ದು ಹೋಳಿಗೆ ಮಾಡಲಿಕ್ಕೆ.

ಅವನು ರಾಣೆಬೆನ್ನೂರಿಗೆ ಹೋದಾಗ ಸೊಸೆ ನಿರ್ಮಲಾ ಹಿತ್ತಲ ತಿಪ್ಪೆ ತೆಗೆಸಿ ಪಾಯಖಾನೆಗೆ ಗುಂಡಿ ತೋಡಿಸಿದ್ದಳು. ಎಲುಬು ಸಿಕ್ಕವು. ಬ್ರಿಟಿಷರ ಕೈಗೂ ಸಿಗದ ದರೋಡೆಕೋರ ಭರಮ್ಯಾನವೇ ಅವು ಎಂದು ದುರಗಪ್ಪ ಬಂದವನೇ ಊರಿಗೆಲ್ಲ ಸಾರಿದ. ನಾಳೆಯೇ ಗದ್ದುಗೆ, ಮೇಲೆ ಸಿಮೆಂಟು.

ಬಚ್ಚಲಿಗೆ ಬಾಗಿಲು ಹಚ್ಚಿಸಲು ಹನ್ನೆರಡು ವರ್ಷ ತಗೊಂಡ ಮನುಷ್ಯನಿಗೆ ಈಗೆಂಥ ಅವಸರ?

"ಬುರುಡಿ ತೊಳದು ಕೊಡವಾ, ಪೂಜಿಗೆ ಬೇಕು," ಎಂದ ದುರಗಪ್ಪ. ಗಂಡಸರು ಹಾರ ಹಿಡಿದು ಕಟ್ಟೆಯ ಮೇಲೆ ಕೂತಿದ್ದರು. ತಿಕ್ಕಿ ತೊಳೆಯುವುದಾದರೆ ದರೋಡೆಕೋರನೂ ಹೆಂಗಸಿನ ಪಾಲು.

ತೆಂಗಿನ ನಾರಿನಿಂದ ಮಣ್ಣು ಬಿಡಿಸುತ್ತ ಉಚ್ಚಂಗೆವ್ವ ಹಲ್ಲಿಗೆ ಬಂದಳು. ಮೇಲಿನ ಮುಂದಿನ ಹಲ್ಲಿನ ತುದಿಯಲ್ಲಿ ದಾರ ಕೂರುವಷ್ಟು ಸಣ್ಣ ಕಚ್ಚು. ಅವಳ ನಾಲಿಗೆ ತಾನಾಗಿ ತನ್ನ ಹಲ್ಲಿಗೆ ಹೋಯಿತು. ಅಲ್ಲೂ ಅಂಥದ್ದೇ. ಕೌದಿಯ ದಾರ ಕಚ್ಚಿ ಹರಿದು ಹರಿದು ಆದದ್ದು. ಅವ್ವನಿಗೂ ಇತ್ತು, ನಕ್ಕಾಗ ಕಾಣುತ್ತಿತ್ತು.

ಉಚ್ಚಂಗೆವ್ವನಿಗೆ ಏಳು ವರ್ಷವಿದ್ದಾಗ ಅವ್ವ 'ಓಡಿಹೋದಳು'. ಯಾರ ಕೂಡ ಎಂದು ಊರು ಇಂದಿಗೂ ಹೆಸರು ಬದಲಿಸಿ ಬದಲಿಸಿ ಹೇಳುತ್ತದೆ. ಮರುದಿನವೇ ಕಾಕಾ ತಿಪ್ಪೆಯನ್ನು ಹಿತ್ತಲ ಈ ಮೂಲೆಗೆ ತಂದಿದ್ದ. ಮದುವೆಯಾಗಿ ಹೋಗುವ ತನಕ ದಿನಾ ಸೆಗಣಿ ಬುಟ್ಟಿ ಹೊತ್ತು ಅಲ್ಲಿ ಸುರಿದವಳು ತಾನೇ.

"ಕಾಕಾ, ಭರಮ್ಯಾ ಕೌದಿ ಹೊಲೀತಿದ್ನೇನು?"

ದುರಗಪ್ಪ ಹಲ್ಲು ನೋಡಲಿಲ್ಲ, ಅವಳನ್ನೂ ನೋಡಲಿಲ್ಲ. "ಬಾಯಾಗ ಕತ್ತಿ ಕಚ್ಚಿ ಹೊಳಿ ಈಸ್ತಿದ್ದ ಅಂವ. ಹೋಗು, ಹೂರಣ ತಿರುವು. ತಳ ಹಿಡದೀತು."

"ಹಿಡೀಲಿ."

ಬುರುಡೆಯನ್ನು ಸೆರಗಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಳು. "ನಿರ್ಮಲಾ, ಪೊಲೀಸರಿಗೆ ಫೋನ್ ಹಚ್ಚು. ಇದು ನಮ್ಮವ್ವ ಹೌದೋ ಅಲ್ಲೋ ನೋಡಾಕ ನನ್ನ ರಕ್ತ ತಗೋಳ್ರಿ ಅನ್ನು."

ನಿರ್ಮಲಾ ಮಾವನ ಮುಖ ನೋಡಿದಳು. ಆಮೇಲೆ ಫೋನ್ ತೆಗೆದಳು.

ಒಳಗಿನಿಂದ ಹೂರಣ ಸೀದ ವಾಸನೆ ಬಂತು. ಕಟ್ಟೆಯ ಮೇಲಿದ್ದ ಒಬ್ಬ ಗಂಡಸೂ ಏಳಲಿಲ್ಲ.