ಕರಿಯನ ಸಪ್ಪೆ ಸಾರು

ನೀರಿನ ಫಿಲ್ಟರ್ ರಿಪೇರಿ ಮಾಡೋ ಕೆಲಸ ನಂದು. ಬೂದಿಗೆರೆ ಹತ್ತಿರ ಒಂದು ಮನೆಯಲ್ಲಿ ಕೆಲಸ ಮುಗಿಯೋ ಹೊತ್ತಿಗೆ ಮಧ್ಯಾಹ್ನ ಆಗಿತ್ತು. ಆ ಮನೆಯ ಅಜ್ಜಿ "ಉಂಡ್ಕೊಂಡು ಹೋಗಪ್ಪಾ" ಅಂತ ಕೂರಿಸಿ, ಬಿಸಿ ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಮೊದಲ ತುತ್ತಿಗೇ ಗೊತ್ತಾಯ್ತು, ಸಾರಿಗೆ ಉಪ್ಪೇ ಹಾಕಿಲ್ಲ.

"ಅಜ್ಜಿ, ಚೂರು ಉಪ್ಪು..." ಅಂದೆ.

"ಮೆಲ್ಲಗೆ ಅನ್ನಪ್ಪಾ, ಅವನಿಗೆ ಕೇಳಿಸ್ತದೆ!" ಅಂತ ಗದರಿ, ಬಾಗಿಲ ಹತ್ತಿರ ಮಲಗಿದ್ದ ಮುದಿ ನಾಯಿಯನ್ನ ಕಣ್ಣಲ್ಲೇ ತೋರಿಸಿದರು. "ನಮ್ಮ ಕರಿಯನಿಗೆ ಕಿಡ್ನಿ ಹೋಗೈತೆ. ಉಪ್ಪು ಕೊಡಬೇಡಿ ಅಂದವ್ರೆ ಡಾಕ್ಟ್ರು. ಇವನೋ, ನಾವು ಉಣ್ಣೋದನ್ನೇ ಇಕ್ಕಿದ್ರೆ ಮಾತ್ರ ಮುಟ್ಟೋದು. ಅದಕ್ಕೇ ಮನೇಲಿ ಎಲ್ಲರಿಗೂ ಸಪ್ಪೆ ಸಾರು. ನಿನ್ನೆಯಿಂದ ಅದನ್ನೂ ಮುಟ್ಟಿಲ್ಲ ಕಣಪ್ಪಾ."

ಕರಿಯ ನನ್ನ ತಟ್ಟೆಯನ್ನೇ ನೋಡ್ತಿದ್ದ. ನಾನು ಇನ್ನೊಂದು ತುತ್ತು ನುಂಗಿ, "ಸಾರು ಅಂದ್ರೆ ಇದಪ್ಪಾ!" ಅಂತ ಅವನಿಗೆ ಕೇಳೋ ಹಾಗೆ ಹೊಗಳಿದೆ. ಅವನು ನಿಧಾನವಾಗಿ ಎದ್ದು ಬಂದು ತನ್ನ ಬಟ್ಟಲಿಗೆ ಬಾಯಿ ಹಾಕಿದ. ಅಜ್ಜಿ ಸೆರಗಲ್ಲಿ ಕಣ್ಣೊರೆಸಿಕೊಂಡು ನನಗೆ ಇನ್ನೊಂದು ಸೌಟು ಸಾರು ಬಿಟ್ಟರು.

ಅಲ್ಲಿಂದೀಚೆಗೆ ಆ ಮನೆ ಫಿಲ್ಟರ್ ಪದೇ ಪದೇ ಕೆಡ್ತಾ ಇದೆ. ಅದೂ ಸರಿಯಾಗಿ ಊಟದ ಹೊತ್ತಿಗೆ.