ಧೂಳೆಬ್ಬಿಸಿದವರು ಕೊಟ್ಟ ಬ್ಯಾಗು

ಚಿನಕುರಳಿ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ಟೀಚರು. ಶಾಲೆಯ ಮುಂದಿನ ರಸ್ತೆಯಲ್ಲೇ ಕ್ರಷರ್ ಕಂಪನಿಯ ಲಾರಿಗಳು ಜಲ್ಲಿ ತುಂಬಿಕೊಂಡು ಓಡಾಡುತ್ತವೆ. ಬೆಳಿಗ್ಗೆ ಒರೆಸಿದ ಬೆಂಚಿನ ಮೇಲೆ ಮಧ್ಯಾಹ್ನದ ಹೊತ್ತಿಗೆ ಮಕ್ಕಳು ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು.

ಶಾಲೆಯ ಪಕ್ಕದಲ್ಲಿ ಒಬ್ಬ ಆಚಾರ್ರ ಮರಗೆಲಸದ ಅಂಗಡಿಯಿದೆ. ಅವರು ಹೊಸದಾಗಿ ಗರಗಸದ ಮಿಷನ್ ತಂದಾಗ ಅದರ ಕಿರುಚಾಟದಲ್ಲಿ ಪಾಠ ಮಾಡಲಾಗದೆ, ಜಗಳಕ್ಕೆ ಸಿದ್ಧಳಾಗಿಯೇ ಹೋದೆ. ನನ್ನನ್ನು ಕಂಡೊಡನೆ ಸ್ವಿಚ್ ಆರಿಸಿದರು.

"ಇಸ್ಕೂಲ್‌ಗಂಟ ಕೇಳುಸ್ತಾ ಮೇಡಂ? ನಂಗೆ ಗೊತ್ತಾಗ್ನಿಲ್ಲ. ಬುಡಿ, ಇಸ್ಕೂಲ್ ಬುಟ್‌ಮೇಲೆ ಕುಯ್ಕತೀನಿ."

ಬಾಗಿಲು ಕೊಡುವುದು ತಡವಾಯಿತೆಂದು ಗಿರಾಕಿಗಳು ಕೂಗಾಡಿದರೂ ಪಾಠದ ಹೊತ್ತಿನಲ್ಲಿ ಆ ಮಿಷನ್ ಮತ್ತೆ ಸದ್ದು ಮಾಡಲಿಲ್ಲ.

ಅದೇ ವರ್ಷ ಕಂಪನಿಯವರು ಮಕ್ಕಳಿಗೆ ಬ್ಯಾಗು ಹಂಚಲು ಬಂದರು. ಶಾಮಿಯಾನ ಹಾಕಿದ್ದು ಅತಿಥಿಗಳಿಗೆ. ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತಿದ್ದರು. ಫೋಟೊ ತೆಗೆಯುವವನು ಬಂದಿಲ್ಲವೆಂದು ಕಾಯಿಸಿದ್ದೇ ಕಾಯಿಸಿದ್ದು. ಮೂರನೇ ಕ್ಲಾಸಿನ ಒಬ್ಬಳು ತಲೆ ಸುತ್ತಿ ಬಿದ್ದಳು. ಅವಳನ್ನು ಎತ್ತಿಕೊಂಡು ನೆರಳಿಗೆ ಓಡುತ್ತಿದ್ದಾಗ ಹಿಂದಿನಿಂದ ಕಂಪನಿಯ ಅಧಿಕಾರಿ, "ಮೇಡಂ, ಸಾಲು ಕೆಡಿಸಬೇಡಿ" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು.

ಮಗುವಿಗೆ ನೀರು ಕುಡಿಸಿ ಬಂದು ಎಲ್ಲರೆದುರೇ ಕೇಳಿದೆ: "ಬ್ಯಾಗು ಇರಲಿ ಸಾರ್, ಲಾರಿಗಳಿಗೆ ಟಾರ್ಪಾಲ್ ಯಾವಾಗ ಹಾಕಿಸ್ತೀರಿ?"

"ಅದು ಸಾಗಾಣಿಕೆಯವರನ್ನ ಕೇಳಬೇಕು. ನಾವು ಸಾಮಾಜಿಕ ಹೊಣೆಗಾರಿಕೆ ವಿಭಾಗದವರು" ಎಂದ, ಒಂದಿಷ್ಟೂ ನಾಚಿಕೆಯಿಲ್ಲದೆ.

ಹೆಡ್‌ಮಾಸ್ಟರು ನನಗೆ ಸುಮ್ಮನಿರುವಂತೆ ಕಣ್ಣಲ್ಲೇ ಸನ್ನೆ ಮಾಡಿದರು. ಅಷ್ಟರಲ್ಲಿ ಬಿದ್ದಿದ್ದ ಹುಡುಗಿಯ ತಾಯಿ ಸುದ್ದಿ ತಿಳಿದು ಓಡಿಬಂದರು. ಬಿದ್ದವಳ ಸಮಾಧಾನಕ್ಕೆಂದು ಕಂಪನಿಯವರು ಮೊದಲೇ ಮಗಳ ಕೈಗೆ ಕೊಟ್ಟಿದ್ದ ಬ್ಯಾಗನ್ನು ಆ ಅಧಿಕಾರಿಯ ಮುಂದಿನ ಟೇಬಲ್ಲಿನ ಮೇಲೆ ಕುಕ್ಕಿದರು.

"ತಗಳಿ, ಇದ ನೀವೇ ಮಡೀಕಳಿ. ದಿನಾ ಕೆಮ್ಮಿ ಕೆಮ್ಮಿ ಸಾಯ್ತಾವೆ ಮಕ್ಳು. ಅದ್ಕೇನ್ ಮಾಡೀರಿ ಏಳಿ?"

ಮಾರನೆಯ ಬೆಳಿಗ್ಗೆ ಡೈರಿಗೆ ಹಾಲು ಹಾಕಿದ ಹೆಂಗಸರು ಮನೆಗೆ ಹೋಗದೆ, ಖಾಲಿ ಕ್ಯಾನುಗಳನ್ನು ರಸ್ತೆಗೆ ಅಡ್ಡವಿಟ್ಟು ಕೂತರು. ಆಚಾರ್ರೂ ಅಂಗಡಿ ಮುಚ್ಚಿ ಬಂದು ಕೂತರು. ಲಾರಿಗಳು ಒಂದರ ಹಿಂದೆ ಒಂದು ಸಾಲುಗಟ್ಟಿದವು. ಕಂಪನಿಯ ಮ್ಯಾನೇಜರ್ ಬಂದು ಮೊದಲು ಗದರಿದ, ಆಮೇಲೆ ಕೈಮುಗಿದ. ಟಾರ್ಪಾಲ್ ಹಾಕಿಸುತ್ತೇವೆ, ರಸ್ತೆಗೆ ನೀರು ಹೊಡೆಸುತ್ತೇವೆ ಎಂದು ಒಪ್ಪಿದ ಮೇಲೆಯೇ ಹೆಂಗಸರು ಎದ್ದದ್ದು.

ಹೇಳಿದಂತೆ ಲಾರಿಗಳಿಗೆ ಟಾರ್ಪಾಲ್ ಬಿತ್ತು, ನೀರಿನ ಟ್ಯಾಂಕರ್ ಬಂತು. ಟ್ಯಾಂಕರಿನ ಮೈಮೇಲೆ ಒಂದು ಬ್ಯಾನರ್: 'ಮಕ್ಕಳ ಆರೋಗ್ಯಕ್ಕಾಗಿ ನಮ್ಮ ಸೇವೆ'. ಅದರ ಜೊತೆಗೆ ಅದೇ ಅಧಿಕಾರಿ, ಅದೇ ಫೋಟೊ ತೆಗೆಯುವವನು. ನಾನು ಟ್ಯಾಂಕರಿನ ಪಕ್ಕ ನಿಲ್ಲಬೇಕಂತೆ.

"ನೀವು ಎಬ್ಬಿಸಿದ ಧೂಳಿಗೆ ನೀವು ನೀರು ಹಾಕೋದು ಸೇವೆ ಹೇಗಾಗುತ್ತೆ ಸಾರ್?" ಎಂದೆ.

"ರಿಪೋರ್ಟಿಗೆ ಬೇಕು ಮೇಡಂ" ಎಂದು ನಕ್ಕ.

ನಾನು ನಿಲ್ಲಲಿಲ್ಲ. ಹೆಡ್‌ಮಾಸ್ಟರು ನಿಂತರು. ಆ ಫೋಟೊ ಈಗ ನಮ್ಮ ಶಾಲೆಯ ಆಫೀಸಿನ ಗೋಡೆಯ ಮೇಲಿದೆ. ಅದರಲ್ಲಿ ಹಾಲಿನ ಹೆಂಗಸರು ಒಬ್ಬರೂ ಇಲ್ಲ.